ಅಂಚು ಸರಿ ಮಾಡುವ ಅಳಿಯ

ಮಗಳು ಅವನನ್ನು ಮೊದಲ ಸಲ ಮನೆಗೆ ಕರೆತಂದ ದಿನ ಹೊಲಿಗೆಯಮ್ಮ ಮೊದಲು ನೋಡಿದ್ದು ಅವನ ಮುಖವನ್ನಲ್ಲ, ಬೆನ್ನನ್ನು. ಮಗಳು ಒಳಗೆ ಬಂದು, ಕುರ್ಚಿಯ ಮೇಲಿದ್ದ ಬಟ್ಟೆ ಎತ್ತಿ ಜಾಗ ಮಾಡಿ, "ಅಮ್ಮ, ಇವರೇ" ಎಂದು ಬಾಗಿಲ ಕಡೆ ಕೈ ತೋರಿಸಿದ್ದಳು. ಇವರು ಎನ್ನಿಸಿಕೊಂಡವನು ಹೊಸ್ತಿಲಾಚೆ ಕುಕ್ಕರಗಾಲಲ್ಲಿ ಕೂತು ಏನೋ ಮಾಡುತ್ತಿದ್ದ. ಏನಾದರೂ ಬೀಳಿಸಿಕೊಂಡನೇನೋ ಎಂದು ಆಕೆ ಕನ್ನಡಕ ಏರಿಸಿಕೊಂಡು ಹೋಗಿ ನೋಡಿದರೆ, ಅವನು ಚಪ್ಪಲಿ ಜೋಡಿಸುತ್ತಿದ್ದ. ಬಟ್ಟೆ ಕೊಡಲು ಬಂದು ಒಳಗೆ ಕಾಯುತ್ತಿದ್ದ ಹೆಂಗಸಿನದು, ಮಗಳದು, ಆಕೆಯದು, ಮೂಲೆಯಲ್ಲಿ ಯಾವ ಕಾಲದಿಂದಲೋ ಬಿದ್ದಿದ್ದ ಹಳೆಯ ಬೂಟು, ಎಲ್ಲ ಗೋಡೆಯುದ್ದಕ್ಕೂ ಸಾಲಾಗಿ ನಿಂತಿದ್ದವು. ಮೂತಿ ಹೊರಗೆ, ಹಿಮ್ಮಡಿ ಗೋಡೆಗೆ. ಕೊನೆಗೆ ಅವನು ತನ್ನ ಬೂಟನ್ನೂ ಬಿಚ್ಚಿ ಆ ಸಾಲಿಗೆ ಸೇರಿಸಿ, ಹಿಂದೆ ಸರಿದು ನೋಡಿ, ಒಂದನ್ನು ಕಾಲ್ಬೆರಳಿನಿಂದ ಕೂದಲೆಳೆಯಷ್ಟು ತಳ್ಳಿದ. ಆಮೇಲೆ ತಲೆಯೆತ್ತಿ ನಮಸ್ಕಾರ ಎಂದ.

ಬಟ್ಟೆ ಕೊಟ್ಟು ಹೊರಟ ಹೆಂಗಸು ತನ್ನ ಚಪ್ಪಲಿ ಬಿಟ್ಟ ಜಾಗದಲ್ಲಿ ಇಲ್ಲವೆಂದು ಕಳ್ಳತನದ ಮಾತೆತ್ತಿದ್ದೂ ಆ ದಿನವೇ.

ಅವನು ಹೋದ ಮೇಲೆ ಹೊಲಿಗೆಯಮ್ಮ ಮೂಗು ಮುರಿದಳು. "ನಿನ್ನನ್ನ ಕೇಳೋಕೆ ಬಂದಿದ್ದನೋ, ಚಪ್ಪಲಿ ಕಾಯೋಕೆ ಬಂದಿದ್ದನೋ?"

"ಆಫೀಸಲ್ಲಿ ಅವರಿಗೆ ಇಸ್ತ್ರಿ ಅಂತಲೇ ಹೆಸರಮ್ಮ," ಎಂದು ಮಗಳು ನಕ್ಕಳು. "ಸುಕ್ಕು ಕಂಡ್ರೆ ಆಗಲ್ಲ."

ಆದರೆ ಆಕೆಗೆ ಅವನನ್ನು ಪೂರ್ತಿಯಾಗಿ ದೂರ ಇಡುವುದಕ್ಕೂ ಆಗಲಿಲ್ಲ. ಹೊರಡುವ ಮೊದಲು ಅವನು ಮೇಜಿನ ಮೇಲಿದ್ದ ಒಂದು ಪ್ಯಾಂಟನ್ನು ಕೈಗೆತ್ತಿಕೊಂಡು, ಕಾಲಂಚನ್ನು ತಿರುಗಿಸಿ ತಿರುಗಿಸಿ ನೋಡಿ, ಇದು ಎಷ್ಟು ನೇರ ಇದೆ, ಎಲ್ಲೂ ಏರಿಲ್ಲ ಇಳಿದಿಲ್ಲ ಎಂದಿದ್ದ. ಗಂಡ ತೀರಿಕೊಂಡ ಮೇಲೆ ಆಕೆ ಬೇರೆಯವರ ಪ್ಯಾಂಟು ಲಂಗಗಳ ಅಂಚು ಮಡಿಸಿಯೇ ಮನೆ ನಡೆಸಿದವಳು. ಅಂಚು ದಾರದಷ್ಟು ಓರೆಯಾದರೂ ಬಿಚ್ಚಿ ಮತ್ತೆ ಹೊಲಿಯುತ್ತಿದ್ದಳು. ಬಟ್ಟೆ ಬೇಗ ಕೊಟ್ಟರೆ ಹೊಗಳುವವರಿದ್ದರು. ಅಂಚನ್ನು ತಿರುಗಿಸಿ ನೋಡಿದವರು ಅದುವರೆಗೆ ಯಾರೂ ಇರಲಿಲ್ಲ. ಮಗಳ ಮುಂದೆ ಬಾಯಿ ಬಿಡದಿದ್ದರೂ ಆಕೆ ಆ ಮಾತಿಗೆ ಸೋತುಹೋಗಿದ್ದಳು.

ಮದುವೆಯಾಯಿತು. ಮಗಳು ದಾದಿಯಾಗಿದ್ದ ಆಸ್ಪತ್ರೆ ಇದೇ ಬೀದಿಯ ತುದಿಯಲ್ಲಿತ್ತು, ಮನೆಯ ಮಹಡಿಯ ಕೋಣೆ ಖಾಲಿ ಬಿದ್ದಿತ್ತು. ಹಾಗಾಗಿ ಅವನೇ ಇಲ್ಲಿಗೆ ಬಂದ. ಮನೆಯಳಿಯ ಎಂದು ಪಕ್ಕದ ಮನೆಯವಳು ಚುಚ್ಚಿದರೆ, ಬಾಡಿಗೆ ಇಲ್ಲದ ಮನೆ, ಮೇಲೆ ಇಂಥ ಅತ್ತೆ, ಚುಚ್ಚುವವರು ಸಾಲಲ್ಲಿ ನಿಲ್ಲಿ ಎಂದು ಅವನು ಹಲ್ಲು ಕಿರಿಯುತ್ತಿದ್ದ. ವಾರದಲ್ಲಿ ಕೆಲವು ದಿನ ಅವನು ಮನೆಯಿಂದಲೇ ಕೆಲಸ ಮಾಡಬಹುದಿತ್ತು. ಹೊಲಿಗೆಯ ದೊಡ್ಡ ಮೇಜಿನ ಒಂದು ತುದಿಗೆ ಆಕೆಯ ಯಂತ್ರ, ಇನ್ನೊಂದು ತುದಿಗೆ ಅವನ ಲ್ಯಾಪ್‌ಟಾಪ್. ನಡುವೆ ಇಬ್ಬರಿಗೂ ಸೇರಿದ ಚಹಾದ ಕೆಟಲು.

ಅಳಿಯ ಅಂದ ಮೇಲೆ ಮರ್ಯಾದೆ ಇರಬೇಕಲ್ಲ, ಆಕೆ ಅವನಿಗೆ ನೀವು, ಬನ್ನಿ, ಕೂತ್ಕೊಳ್ಳಿ ಎನ್ನುತ್ತಿದ್ದಳು. ಹೀಗಿರುವಾಗ ಅವನು ಕೈ ಸುಮ್ಮನಿರದೆ ಆಕೆಯ ದಾರದ ರೀಲುಗಳನ್ನೆಲ್ಲ ತಿಳಿಬಣ್ಣದಿಂದ ಕಡುಬಣ್ಣದವರೆಗೆ ಹೊಂದಿಸಿಟ್ಟ. ಆಕೆ ಯಂತ್ರದಿಂದ ಕಣ್ಣು ತೆಗೆಯದೆ, ಕಪ್ಪು ದಾರ ಇರುತ್ತಿದ್ದ ಜಾಗಕ್ಕೆ ಕೈ ಹಾಕಿ, ಯಾರದೋ ಕಪ್ಪು ಕೋಟಿಗೆ ಹಳದಿ ದಾರದಲ್ಲಿ ಗುಂಡಿ ಹೊಲಿದಾಗಿತ್ತು. "ಏನೋ ನೀನು, ನನ್ನ ಕಪ್ಪು ದಾರ ಎಲ್ಲಿಟ್ಟೆ?" ಎಂದು ಕೂಗಿದವಳು ತಕ್ಷಣ ನಾಲಗೆ ಕಚ್ಚಿಕೊಂಡಳು. ಅವನ ಮುಖ ಮಾತ್ರ ಅರಳಿಹೋಯಿತು.

"ಅಂತೂ ನೀನು ಅಂದ್ರಲ್ಲ ಅತ್ತೆ. ಇನ್ನು ಹಿಂದಕ್ಕೆ ತಗೊಳ್ಳೋ ಹಾಗಿಲ್ಲ."

ಅವನ ಕೆಲಸ ಏನೆಂಬುದನ್ನು ಆಕೆ ನಿಧಾನವಾಗಿ ಕೇಳಿ ತಿಳಿದುಕೊಂಡಳು. ಊರಿನ ಬಸ್ ನಿಲ್ದಾಣಗಳಲ್ಲಿ ಮಿನುಗುವ ಬೋರ್ಡುಗಳಿವೆಯಲ್ಲ, ಮುಂದಿನ ಬಸ್ಸು ಯಾವುದು, ಎಲ್ಲಿಗೆ ಹೋಗುತ್ತದೆ ಎಂದು ತೋರಿಸುವಂಥವು, ಅವುಗಳ ಹಿಂದಿರುವ ಸಾಫ್ಟ್‌ವೇರ್ ಅವನ ಆಫೀಸಿನದು. ಆ ಸಾಫ್ಟ್‌ವೇರ್ ಎಲ್ಲಿ ಹೇಗೆ ನಡೆದುಕೊಳ್ಳಬೇಕು ಎಂದು ಹೇಳುವುದಕ್ಕೆ ರಾಶಿ ರಾಶಿ ಕಾನ್ಫಿಗ್ ಫೈಲುಗಳಿದ್ದವು. ವರ್ಷಗಟ್ಟಲೆ ಹತ್ತಾರು ಕೈಗಳು ಬರೆದದ್ದು. ಒಬ್ಬ ಸಾಲಿನ ಶುರುವಿನಲ್ಲಿ ಎರಡು ಜಾಗ ಬಿಟ್ಟಿದ್ದರೆ ಇನ್ನೊಬ್ಬ ನಾಲ್ಕು ಬಿಟ್ಟಿದ್ದ. ಒಬ್ಬಳು ಪ್ರತಿ ಮಾತಿಗೂ ಉದ್ಧರಣ ಚಿಹ್ನೆ ಹಾಕಿದ್ದರೆ ಇನ್ನೊಬ್ಬಳಿಗೆ ಅದರ ನೆನಪೇ ಇರಲಿಲ್ಲ. ಒಂದು ಕಡೆ ಹೌದು, ಒಂದು ಕಡೆ ಆನ್, ಇನ್ನೊಂದು ಕಡೆ ಬರೀ ಒಂದು. ಹೇಳುವುದೆಲ್ಲ ಒಂದೇ, ಹೇಳುವ ರೀತಿ ಮಾತ್ರ ಅವರವರದು. ಅವನಿಗೆ ಇದೆಲ್ಲವನ್ನೂ ಒಂದೇ ಹದಕ್ಕೆ ತರುವ ಆಸೆ.

ಈಗ ಬೋರ್ಡು ಏನಾದರೂ ತಪ್ಪು ತೋರಿಸುತ್ತಿದೆಯೇ ಎಂದು ಆಕೆ ಕೇಳಿದಳು. ಇಲ್ಲ. ಮತ್ತೆ ಯಾಕಪ್ಪ ಈ ಉಸಾಬರಿ?

"ಹೊಸಬರು ಕೆಲಸಕ್ಕೆ ಬಂದ್ರೆ ಹೆದರ್ತಾರೆ ಅತ್ತೆ. ಒಂದು ಫೈಲು ಓದೋದು ಕಲಿತು ಪಕ್ಕದ್ದು ತೆರೆದ್ರೆ ಅದು ಬೇರೆ ಊರಿನ ಹಾಗಿರುತ್ತೆ. ಓದೋಕೆ ಬರೋದೇ ಇಲ್ಲವೇನೋ ಅಂತ ಅವರಿಗೆ ಅವರ ಮೇಲೇ ಅನುಮಾನ ಬರುತ್ತೆ."

ಆ ಮಾತು ಹೊಲಿಗೆಯಮ್ಮನ ಒಳಕ್ಕಿಳಿಯಿತು. ಆಕೆ ಓದು ಕಲಿತದ್ದು ಅಷ್ಟಕ್ಕಷ್ಟೆ. ಬಸ್ಸಿನ ಬೋರ್ಡನ್ನು ಓದುತ್ತಿದ್ದಳು, ಯಾಕೆಂದರೆ ಅಲ್ಲಿ ಅಕ್ಷರಗಳು ಯಾವಾಗಲೂ ಒಂದೇ ಥರ ನಿಂತಿರುತ್ತಿದ್ದವು. ಅದೇ ಅಕ್ಷರಗಳು ಅಂಗಡಿಯ ಹಲಗೆಯ ಮೇಲೆ ಬಾಲ ಬೆಳೆಸಿಕೊಂಡು ಬಳುಕಿ ನಿಂತರೆ ಆಕೆಗೆ ಗುರುತೇ ಸಿಗುತ್ತಿರಲಿಲ್ಲ. ಹಾಗಾದರೆ ಮಾಡು, ಬೇಗ ಮಾಡು ಎಂದಳು.

ಬೇಗ ಆಗುವಂಥದ್ದಲ್ಲ. ತಂಡದ ಮೇಡಂ ಮೊದಮೊದಲು ಒಪ್ಪಿರಲೇ ಇಲ್ಲ. ನಡೆಯುತ್ತಿರುವ ಗಾಡಿಯ ಚಕ್ರ ಯಾಕೆ ಬಿಚ್ಚಬೇಕು ಎಂಬುದು ಅವರ ವಾದ. ಇವನು ಬೆನ್ನು ಬಿಡದೆ ಕೇಳಿ ಕೇಳಿ ಕೊನೆಗೆ ಹೂಂ ಅನ್ನಿಸಿಕೊಂಡ. ಆದರೆ ಷರತ್ತು ಹಾಕಿದ್ದರು: ರೂಪ ಬದಲಾಗಬಹುದು, ನಡತೆ ಬದಲಾಗಬಾರದು, ಬದಲಾದರೆ ಅಲ್ಲಿಗೆ ನಿಲ್ಲಿಸುವುದು, ಎಲ್ಲ ಮೊದಲಿದ್ದ ಹಾಗೆ. ಆ ಆಫೀಸಿನಲ್ಲಿ ಇನ್ನೊಂದು ಪದ್ಧತಿಯೂ ಇತ್ತು. ಒಬ್ಬರು ಬರೆದ ಫೈಲನ್ನು ಮುಟ್ಟುವ ಮೊದಲು ಬರೆದವರನ್ನು ಒಂದು ಮಾತು ಕೇಳಬೇಕು. ಅವನು ಎಲ್ಲರನ್ನೂ ಕೇಳಿದ. ಒಬ್ಬರನ್ನು ಮಾತ್ರ ಕೇಳಲಾಗಲಿಲ್ಲ. ಅವರು ನಿವೃತ್ತರಾಗಿದ್ದರು, ಆಫೀಸಿನ ಫೋನು ಬಂದರೆ ಎತ್ತುತ್ತಲೇ ಇರಲಿಲ್ಲ. ಎಲ್ಲಕ್ಕಿಂತ ಮೊದಲ ಫೈಲುಗಳನ್ನು ಬರೆದವರು ಅವರೇ ಆದ್ದರಿಂದ ಆಫೀಸಿನಲ್ಲಿ ಅವರನ್ನು ಮೂಲಪುರುಷ ಎನ್ನುತ್ತಿದ್ದರು.

ಎತ್ತದವರನ್ನು ಎಷ್ಟು ಸಲ ಕೇಳುವುದು ಎಂದು ಅವನು ಮುಂದುವರಿದ. ಮಧ್ಯಾಹ್ನ ಯಂತ್ರ ನಿಲ್ಲಿಸಿದಾಗ ಹೊಲಿಗೆಯಮ್ಮ ಅವನ ಹಿಂದೆ ಬಂದು ನಿಂತು ಪರದೆ ನೋಡುತ್ತಿದ್ದಳು. ಅಲ್ಲಿದ್ದದ್ದನ್ನು ಓದಲು ಬರದಿದ್ದರೂ ಎಡಗಡೆಯ ಅಂಚು ಆಕೆಗೆ ಚೆನ್ನಾಗಿ ಕಾಣುತ್ತಿತ್ತು. ಇಲ್ಲಿ ಒಳಗೆ ಹೋಗಿದೆ ನೋಡು ಎಂದು ಬೆರಳಿಟ್ಟು ತೋರಿಸುವಳು. ಅದು ಮೇಲಿನ ಸಾಲಿನ ಮಗು ಅತ್ತೆ, ಒಳಗೇ ಇರಬೇಕು ಎಂದು ಅವನು ನಗುವನು. ಹತ್ತು ಸಲ ತೋರಿಸಿದರೆ ಒಂಬತ್ತು ಸಲ ಅದು ಮಗುವೇ ಆಗಿರುತ್ತಿತ್ತು. ಒಮ್ಮೆ ಮಾತ್ರ ಒಂದು ಫೈಲಿನ ತಲೆಯಲ್ಲಿ ಗೀಟುಗಳೂ ಆವರಣ ಚಿಹ್ನೆಗಳೂ ಹಿಂದೆ ಮುಂದೆ ಚೆಲ್ಲಾಡಿ, ಅಂಚೆಂಬುದೇ ಇಲ್ಲದೆ, ಹಲ್ಲು ಮುರಿದ ಬಾಚಣಿಗೆಯ ಹಾಗೆ ಕಾಣುತ್ತಿದ್ದವು.

"ಇದೂ ಮಗುವೇನೋ? ಇಷ್ಟು ಸೊಟ್ಟಗೆ ಯಾರಪ್ಪ ಬರೆದದ್ದು?"

ಅವನು ಆ ಸಾಲುಗಳ ಮೇಲೆ ಕಣ್ಣು ಓಡಿಸಿದ. ಕಂಪ್ಯೂಟರ್ ಓದದ ಸಾಲುಗಳು, ಯಾರದೋ ಗೀಚಾಟ ಇರಬೇಕು ಎಂದ. ಒಂದು ಗುಂಡಿ ಒತ್ತಿದ. ಚೆಲ್ಲಿದ್ದೆಲ್ಲ ಓಡಿಬಂದು ಎಡಗಡೆಯ ಗೋಡೆಗೆ ಬೆನ್ನು ಹಚ್ಚಿ ನಿಂತಿತು. ಕೆಳಗಿನ ಸಾಲುಗಳು ಅಕ್ಷರಕ್ರಮದಲ್ಲಿ ಜೋಡಣೆಯಾದವು. ಇಬ್ಬರೂ ಹಿಂದೆ ಸರಿದು ನೋಡಿದರು. ಬಾಗಿಲ ಹೊರಗಿನ ಚಪ್ಪಲಿಗಳಷ್ಟು ಚಂದ ಇತ್ತು. ಆ ಖುಷಿಗೆ ಇನ್ನೊಂದು ಸಲ ಚಹಾ ಕುಡಿದರು.

ಮರುವಾರ, ಹೊಲಿದ ಬಟ್ಟೆಯ ಚೀಲ ಹಿಡಿದು ಆಕೆ ಬಸ್ ನಿಲ್ದಾಣಕ್ಕೆ ಹೋದರೆ ಅಲ್ಲಿ ಜನವೋ ಜನ. ಬಸ್ಸುಗಳು ಬರುತ್ತಿದ್ದವು, ಬಾಗಿಲು ತೆರೆಯುತ್ತಿದ್ದವು, ಯಾರೂ ಹತ್ತುತ್ತಿರಲಿಲ್ಲ. ಆಕೆ ಬೋರ್ಡು ನೋಡಿದಳು. ಮೊದಲ ಬಸ್ಸು: ಡಿಪೋಗೆ. ಎರಡನೆಯದು: ಡಿಪೋಗೆ. ಮೂರನೆಯದೂ ಡಿಪೋಗೆ. ಕೊಡೆ ಹಿಡಿದ ಒಬ್ಬ ದಪ್ಪ ಮನುಷ್ಯ, ಊರಿನ ಬಸ್ಸೆಲ್ಲ ಹೊತ್ತಾರೆಯೇ ಮಲಗೋಕೆ ಹೊರಟಿವೆಯೇ ಎಂದು ಡ್ರೈವರನ್ನು ತರಾಟೆಗೆ ತೆಗೆದುಕೊಂಡಿದ್ದ.

"ಬೋರ್ಡಿಗೆ ತಲೆ ಕೆಟ್ಟಿದೆ, ನನಗೆ ಕೆಟ್ಟಿಲ್ಲ," ಎಂದ ಡ್ರೈವರು. "ಮಾರ್ಕೆಟ್ಟಿಗೇ ಹೋಗ್ತೀನಿ, ಹತ್ತಿ ಸ್ವಾಮಿ."

ಜನ ನಕ್ಕು ಹತ್ತಿದರು. ಹೊಲಿಗೆಯಮ್ಮ ಹತ್ತಲಿಲ್ಲ. ಅಂಚು ಸರಿ ಮಾಡಿದ ಫೈಲುಗಳು ನಾಳೆಯಿಂದ ಬೋರ್ಡಿಗೆ ಹೋಗುತ್ತವೆ ಎಂದು ಅಳಿಯ ಹಿಂದಿನ ದಿನ ತಾನೇ ಎದೆಯುಬ್ಬಿಸಿ ಹೇಳಿದ್ದ. ಆಕೆ ಚೀಲವನ್ನು ಕಂಕುಳಿಗೆ ಸೇರಿಸಿ ಮನೆಯ ಕಡೆ ತಿರುಗಿದಳು.

ಅಳಿಯ ಮೇಜಿನ ಮುಂದೆ ಕೂತಿರಲಿಲ್ಲ, ನಿಂತಿದ್ದ. ತಪ್ಪು ಸಿಕ್ಕಿತ್ತು, ಸರಿಯೂ ಆಗಿತ್ತು. ಬೋರ್ಡುಗಳು ಆಗಲೇ ಬುದ್ಧಿಗೆ ಬಂದಿದ್ದವು. ಆ ಸೊಟ್ಟ ಫೈಲಿನಲ್ಲಿ ಇದ್ದದ್ದು ಬೋರ್ಡು ಏನು ತೋರಿಸಬೇಕು ಎಂಬ ನಿಯಮಗಳು. ಸಾಫ್ಟ್‌ವೇರ್ ಅವನ್ನು ಮೇಲಿನಿಂದ ಓದುತ್ತಾ ಬಂದು, ಮೊದಲು ಹೊಂದುವ ಸಾಲಿಗೇ ನಿಂತುಬಿಡುತ್ತದೆ. ಈ ಸಂಖ್ಯೆಯ ಬಸ್ಸಾದರೆ ಇಲ್ಲಿಗೆ, ಆ ಸಂಖ್ಯೆಯದಾದರೆ ಅಲ್ಲಿಗೆ ಎಂದು ಬರೆದು, ಉಳಿದ ಯಾವ ಬಸ್ಸಾದರೂ ಡಿಪೋಗೆ ಎಂಬುದನ್ನು ಮೂಲಪುರುಷರು ಕೊನೆಯಲ್ಲಿಟ್ಟಿದ್ದರು. ಅಂಕಿಗಳಿಗಿಂತ ಮೊದಲು ಬರುವ ನಕ್ಷತ್ರ ಚಿಹ್ನೆಯಿಂದ ಆ ಸಾಲು ಶುರುವಾಗುತ್ತಿದ್ದದ್ದರಿಂದ ಅಕ್ಷರಕ್ರಮ ಅದನ್ನು ಎತ್ತಿ ತಲೆಯ ಮೇಲೆ ಕೂರಿಸಿತ್ತು. ಮೇಲೇ ಯಾವ ಬಸ್ಸಾದರೂ ಎಂದಿದ್ದರೆ ಕೆಳಗಿನದನ್ನು ಯಾರು ಓದುತ್ತಾರೆ?

ಸರಿಯಾಯಿತಲ್ಲ, ಮತ್ತೇನು ಎಂದಳು ಆಕೆ. ಮತ್ತೇನು ಎಂದರೆ ಮೇಡಂ ಷರತ್ತನ್ನು ನೆನಪಿಸಿದ್ದರು. ಶುಕ್ರವಾರದೊಳಗೆ ಮೂಲಪುರುಷರು ತಮ್ಮ ಫೈಲುಗಳನ್ನೆಲ್ಲ ನೋಡಿ ಸರಿ ಇದೆ ಎಂದರೆ ಉಂಟು. ಇಲ್ಲದಿದ್ದರೆ ಅವನು ಇದುವರೆಗೆ ಸರಿ ಮಾಡಿದ್ದೆಲ್ಲ ವಾಪಸ್ಸು, ಬರೀ ಆ ಒಂದು ಫೈಲಲ್ಲ, ಎಲ್ಲವೂ. ಮತ್ತೆ ಆ ಮಾತು ಎತ್ತುವ ಹಾಗೂ ಇಲ್ಲ.

"ಹೋಗಿ ಕೇಳು," ಎಂದಳು ಹೊಲಿಗೆಯಮ್ಮ.

"ಫೋನೇ ಎತ್ತದವರು ಬಾಗಿಲು ತೆಗೀತಾರಾ ಅತ್ತೆ? ಅವರನ್ನ ಕೇಳದೆ ಮುಟ್ಟಿದ್ದು ಬೇರೆ. ಯಾವ ಮುಖ ಇಟ್ಕೊಂಡು ಹೋಗಲಿ?"

"ಇರೋ ಮುಖಾನೇ ಇಟ್ಕೊಂಡು ನಡಿ. ನಾನೂ ಬರ್ತೀನಿ. ಮುದುಕರ ಹತ್ತಿರ ಮಾತಾಡೋಕೆ ಜೊತೇಲಿ ಒಬ್ಬ ಮುದುಕಿ ಇರಲಿ."

ಮೂಲಪುರುಷರ ಮನೆ ಊರಿನ ಆ ತುದಿಯಲ್ಲಿ, ಲಿಫ್ಟು ಕೆಟ್ಟ ಕಟ್ಟಡದ ಮೇಲಿನ ಮಹಡಿಯಲ್ಲಿತ್ತು. ಬಾಗಿಲು ತೆರೆದವರು ತೆಳ್ಳಗಿನ ಉದ್ದನೆಯ ಮನುಷ್ಯ. ಅಳಿಯ ಆಫೀಸಿನ ಹೆಸರು ಹೇಳುತ್ತಿದ್ದಂತೆ ಹುಬ್ಬು ಗಂಟಿಕ್ಕಿದರು.

"ಫೋನ್ ಎತ್ತಲಿಲ್ಲ ಅಂದ್ರೆ ಈಗ ಮನೆಗೇ ಬರ್ತಾರಾ?"

"ಬಂದಾಯ್ತಲ್ಲ," ಎಂದಳು ಹೊಲಿಗೆಯಮ್ಮ ಏದುಸಿರಿನಲ್ಲಿ. "ಮೆಟ್ಟಿಲು ಹತ್ತಿ ಕಾಲು ಬಿದ್ದುಹೋಗಿದೆ. ಮೊದಲು ಕುರ್ಚಿ ಕೊಡಿ, ಆಮೇಲೆ ಬೈಯಿರಂತೆ."

ಅವರು ಆಕೆಯನ್ನು ನೋಡಿದರು, ಅಳಿಯನನ್ನು ನೋಡಿದರು. ಕುರ್ಚಿ ಬಂತು, ನೀರೂ ಬಂತು. ಬೈಗುಳ ಬರಲಿಲ್ಲ. ಅವರ ಬಾಲ್ಕನಿಯಿಂದ ಒಂದು ಬಸ್ ನಿಲ್ದಾಣ ಕಾಣುತ್ತಿತ್ತು. ಡಿಪೋ ಪ್ರಕರಣವನ್ನು ಅವರು ಅಲ್ಲಿಂದಲೇ ನೋಡಿದ್ದರು. ನೋಡುತ್ತಲೇ ಕೊನೆಯ ಸಾಲು ಮೇಲೆ ಬಂದಿದೆ ಎಂದು ತಿಳಿದಿತ್ತಂತೆ. ಆ ಸಾಲುಗಳ ಕ್ರಮ ಕದಲಿಸಬಾರದು ಎಂದು ಅಲ್ಲೇ ಒಂದು ಮಾತು ಬರೆದಿದ್ದರೆ ಆಗುತ್ತಿತ್ತಲ್ಲ ಸರ್ ಎಂದು ಅಳಿಯ ಮೆಲ್ಲಗೆ ಹೇಳಿದ.

"ನನಗೆ ಗೊತ್ತಿತ್ತಲ್ಲ, ಅದಕ್ಕೇ ಬರೀಲಿಲ್ಲ," ಎಂದರು ಅವರು. ಹೇಳಿದ ಮೇಲೆ ತಮ್ಮ ಮಾತಿಗೆ ತಾವೇ ಸ್ವಲ್ಪ ನಕ್ಕರು.

ಅಷ್ಟರಿಂದ ಅಳಿಯನಿಗೆ ಧೈರ್ಯ ಬಂತು. ಲ್ಯಾಪ್‌ಟಾಪ್ ತೆರೆದು ಅವರ ಮುಂದಿಟ್ಟ. ಅವರು ಕನ್ನಡಕ ಬದಲಿಸಿ ಆ ಫೈಲಿನ ತಲೆಯಿಂದ ಶುರು ಮಾಡಿದವರು ಅಲ್ಲಿಯೇ ನಿಂತರು. ಮುಂದಕ್ಕೆ ಹೋಗಲೇ ಇಲ್ಲ.

"ನನ್ನ ಬಸ್ಸೆಲ್ಲಿ?"

ಯಾವ ಬಸ್ಸು ಎಂದು ಅಳಿಯನಿಗೆ ಹೊಳೆಯಲಿಲ್ಲ. ಅವರು ಗಾಳಿಯಲ್ಲಿ ಬೆರಳಾಡಿಸಿ ತೋರಿಸಿದರು. ಇಲ್ಲಿ ಚಾವಣಿ, ಇಲ್ಲಿ ಕಿಟಕಿಗಳು, ಇಲ್ಲಿ ಆವರಣ ಚಿಹ್ನೆ ಎದುರುಬದುರು ಇಟ್ಟು ಮಾಡಿದ ಚಕ್ರ. ಊರಿನಲ್ಲಿ ಮೊಟ್ಟಮೊದಲ ಬೋರ್ಡು ಹೊತ್ತಿಕೊಂಡ ಸಂಜೆ, ಉಳಿದವರೆಲ್ಲ ಕುಣಿಯುತ್ತಿದ್ದಾಗ, ಇವರು ಕೂತು ಗೀಟು ಗೀಟು ಸೇರಿಸಿ ಫೈಲಿನ ತಲೆಯ ಮೇಲೆ ಒಂದು ಬಸ್ಸು ಬರೆದಿದ್ದರು. ಕೆಲಸ ಬಿಟ್ಟು ಬಂದ ಮೇಲೂ ಆ ಬಸ್ಸು ಅಲ್ಲೇ ನಿಂತಿದೆ ಎಂಬುದು ಅವರಿಗೊಂದು ಸಮಾಧಾನವಾಗಿತ್ತು. ಈಗ ಅಲ್ಲಿ ಇದ್ದದ್ದು ಎಡಗಡೆಗೆ ನೂಕಿಸಿಕೊಂಡ ಗೀಟುಗಳ ಗುಂಪು, ಗೋಡೆಗೆ ಗುದ್ದಿಕೊಂಡ ಬಸ್ಸಿನ ಹಾಗೆ.

ಹೊಲಿಗೆಯಮ್ಮನಿಗೆ ಬಾಚಣಿಗೆ ನೆನಪಾಯಿತು. ತಾನು ಬೆರಳಿಟ್ಟು ತೋರಿಸಿದ್ದು, ಅವನು ಗುಂಡಿ ಒತ್ತಿದ್ದು, ಇಬ್ಬರೂ ಚಹಾ ಕುಡಿದದ್ದು.

"ಸೊಟ್ಟ ಅಂತ ತೋರಿಸಿದ್ದು ನಾನು," ಎಂದಳು. "ಅರ್ಧ ನನಗೆ ಬೈಯಿರಿ. ಬಸ್ಸು ಅಂತ ಗೊತ್ತಾಗಲಿಲ್ಲ ಕಣ್ರೀ. ಚೂರು ದೂರ ನಿಂತು ನೋಡಬೇಕಿತ್ತು."

ಹಳೆಯದು ಯಾವುದೂ ಕಳೆದುಹೋಗಿರಲಿಲ್ಲ. ಅವರ ಕೆಲಸದಲ್ಲಿ ಬದಲಿಸಿದ್ದಕ್ಕೆಲ್ಲ ಹಿಂದಿನ ಪ್ರತಿ ಉಳಿದಿರುತ್ತದೆ. ಅಳಿಯ ಏನೇನೋ ಒತ್ತಿದ. ಗೀಟುಗಳು ತಮ್ಮ ತಮ್ಮ ಜಾಗಕ್ಕೆ ಮರಳಿದವು. ಹೊಲಿಗೆಯಮ್ಮ ಕುರ್ಚಿಯನ್ನು ಹಿಂದಕ್ಕೆ ಸರಿಸಿ, ಕಣ್ಣು ಕಿರಿದು ಮಾಡಿ ನೋಡಿದಳು. ಹೌದು, ಬಸ್ಸೇ. ಕಿಟಕಿ ಕೂಡ ಇತ್ತು.

ಮೂಲಪುರುಷರು ಬಹಳ ಹೊತ್ತು ಅದನ್ನೇ ನೋಡಿದರು. ಆಮೇಲೆ ಸರಿಯಾಗಿ ಕೂತು ಉಳಿದ ಫೈಲುಗಳನ್ನು ಒಂದೊಂದಾಗಿ ತೆರೆಸಿದರು. ಅಳಿಯ ಉಗುರು ಕಚ್ಚುತ್ತಾ ಪಕ್ಕದಲ್ಲಿ ಕೂತ. ಹೊಲಿಗೆಯಮ್ಮ ಸುಮ್ಮನೆ ಕೂರಲಾಗದೆ, ಆ ಮನೆಯ ಕಿಟಕಿ ಪರದೆಯ ಬಿಚ್ಚಿದ ಅಂಚನ್ನು ಚೀಲದಲ್ಲಿದ್ದ ಸೂಜಿದಾರದಿಂದ ಹೊಲಿದುಬಿಟ್ಟಳು. ಪರದೆ ಮುಗಿಯಿತು, ದಿಂಬಿನ ಚೀಲವೂ ಮುಗಿಯಿತು, ಆಗ ಅವರು ಬಾಯಿ ಬಿಟ್ಟರು.

"ಮೊದಲು ನೋಡಿದ ತಕ್ಷಣ ಇದು ಯಾರು ಬರೆದದ್ದು ಅಂತ ಹೇಳ್ತಿದ್ದೆ. ಈಗ ಎಲ್ಲ ಒಬ್ಬರೇ ಬರೆದ ಹಾಗಿದೆ."

ಅಳಿಯ ಬಾಯಿಂದ ಬೆರಳು ತೆಗೆದ. "ಓದೋರಿಗೆ ಅಷ್ಟು ಸಾಕು ಅನ್ನಿಸ್ತು ಸರ್. ಯಾರು ಬರೆದರು ಅನ್ನೋದಕ್ಕಿಂತ ಏನು ಬರೆದಿದೆ ಅನ್ನೋದು ಅವರಿಗೆ ಮೊದಲು ಕಾಣಲಿ ಅಂತ."

ಮೂಲಪುರುಷರು ಫೋನು ಎತ್ತಿಕೊಂಡು ಬಾಲ್ಕನಿಗೆ ಹೋದರು. ಮೇಡಂ ಜೊತೆ ಮಾತಾಡುತ್ತಿದ್ದಾರೆ ಎಂದು ಗೊತ್ತಾಗಲು ಒಂದೆರಡು ಮಾತು ಕಿವಿಗೆ ಬಿದ್ದದ್ದೇ ಸಾಕಾಯಿತು: ನೋಡಿದೆ, ಸರಿ ಇದೆ, ಹಿಂದಕ್ಕೆ ತಗೋಬೇಡಿ. ಕೆಲಸ ಬಿಟ್ಟ ಮೇಲೆ ಅವರು ಆಫೀಸಿಗೆ ತಾವಾಗಿ ಫೋನು ಮಾಡಿದ್ದು ಅದೇ ಮೊದಲು. ಅಳಿಯ ಅತ್ತೆಯ ಕೈ ಹಿಡಿದುಕೊಂಡ, ಸೂಜಿ ಚುಚ್ಚಿಸಿಕೊಂಡ, ಬಿಡಲಿಲ್ಲ.

ವಾಪಸು ಬಂದವರು ಫೈಲಿನ ತಲೆಯಲ್ಲಿ ಎರಡು ಸಾಲು ಸೇರಿಸಲು ಹೇಳಿ, ತಾವೇ ಹೇಳಿ ಬರೆಸಿದರು. ಮೊದಲನೆಯದು, ಇದನ್ನು ಮೇಲಿನಿಂದ ಕೆಳಕ್ಕೆ ಓದಲಾಗುತ್ತದೆ, ಸಾಲುಗಳ ಕ್ರಮ ಕದಲಿಸಬೇಡಿ. ಎರಡನೆಯದು, ಮೇಲಿರುವುದು ಬಸ್ಸು, ಇಸ್ತ್ರಿ ಹಾಕಬೇಡಿ.

ಅವನ ಅಡ್ಡಹೆಸರು ಅವರಿಗೆ ಯಾರು ಹೇಳಿದರೋ. ಮೇಡಂ ಇರಬೇಕು. ಅಳಿಯ ಕಿವಿಯವರೆಗೂ ಕೆಂಪಾದ. ಹೊಲಿಗೆಯಮ್ಮ ಹೊಟ್ಟೆ ಹಿಡಿದು ನಕ್ಕಳು, ಮೆಟ್ಟಿಲಿಳಿಯುವಾಗಲೂ ನಗುತ್ತಲೇ ಇದ್ದಳು.

ಇದಾದ ಮೇಲೆ ಉಳಿದ ಫೈಲುಗಳೂ ನಿಧಾನವಾಗಿ ಹದಕ್ಕೆ ಬಂದವು. ಯಾವುದನ್ನಾದರೂ ಒತ್ತುವ ಮೊದಲು ಅಳಿಯ ಈಗ ಎದ್ದು, ಬಾಗಿಲವರೆಗೆ ಹೋಗಿ, ಅಲ್ಲಿಂದ ಕಣ್ಣು ಕಿರಿದು ಮಾಡಿ ನೋಡುತ್ತಾನೆ. ಅತ್ತೆಯನ್ನೂ ಎಬ್ಬಿಸಿ ನಿಲ್ಲಿಸುತ್ತಾನೆ. ಎಲ್ಲಾದರೂ ಬಸ್ಸು ಕಾಣುತ್ತಾ ಅತ್ತೆ? ಇಲ್ಲಪ್ಪ, ಒತ್ತು. ಮೂಲಪುರುಷರು ಆಗಾಗ ಬಂದು ಹೋಗುತ್ತಾರೆ. ಬಂದಾಗೊಮ್ಮೆ ಗುಂಡಿ ಕಿತ್ತ ಒಂದು ಅಂಗಿ ತಂದಿರುತ್ತಾರೆ. ಅಷ್ಟೊಂದು ಗುಂಡಿ ಹೇಗೆ ಕೀಳುತ್ತವೋ ಎಂದು ಮಗಳು ತಾಯಿಯನ್ನು ಕೆಣಕುತ್ತಾಳೆ. ಬಾಯಿಗೆ ಬಂದದ್ದು ಆಡಬೇಡ ಎಂದು ಆಕೆ ಗದರುತ್ತಾಳೆ, ಅಂಗಿಯ ಗುಂಡಿ ಮಾತ್ರ ಗಟ್ಟಿಯಾಗಿ ಹೊಲಿಯುತ್ತಾಳೆ.

ಮೊನ್ನೆ ಅವನ ಆಫೀಸಿಗೆ ಹೊಸ ಹುಡುಗಿಯೊಬ್ಬಳು ಕೆಲಸಕ್ಕೆ ಸೇರಿದಳು. ಬೆಳಿಗ್ಗೆ ಕೂತವಳು ಯಾರನ್ನೂ ಏನೂ ಕೇಳದೆ ಒಂದಾದ ಮೇಲೊಂದು ಫೈಲು ಓದುತ್ತಾ ಹೋಗಿ, ಊಟದ ಹೊತ್ತಿಗೆ ಒಬ್ಬಳೇ ಕಿಸಕ್ಕನೆ ನಕ್ಕಳಂತೆ. ಬಸ್ಸಿನ ಫೈಲಿಗೆ ಬಂದಿದ್ದಳು. ಅದನ್ನು ಹೇಳುತ್ತಾ ಅಳಿಯ ಮನೆಯೊಳಗೆ ಕುಣಿಯುತ್ತಲೇ ಬಂದ. ಬೂಟು ಒಂದು ಆ ಕಡೆ, ಒಂದು ಈ ಕಡೆ ಬಿದ್ದದ್ದೂ ಅವನಿಗೆ ತಿಳಿಯಲಿಲ್ಲ. ಹೊಲಿಗೆಯಮ್ಮ ಯಂತ್ರ ನಿಲ್ಲಿಸಿ ಚಹಾ ಬಗ್ಗಿಸಿದಳು. ಅವನು ಲೋಟ ಹಿಡಿದು, ಲ್ಯಾಪ್‌ಟಾಪಿನಲ್ಲಿ ಆ ಬಸ್ಸನ್ನೇ ತೆರೆದು ಸುಮ್ಮನೆ ಕೂತ. ಚಹಾ ಮುಗಿಯಿತು, ಕಣ್ಣು ಅಲ್ಲಿಂದ ಕದಲಲಿಲ್ಲ. ಅವನ ಬೆರಳು ಮೇಜಿನ ಮೇಲೆ ತಾಳ ಹಾಕುತ್ತಿತ್ತು. ಕೊನೆಗೆ ಯಾರಾದರೂ ಕೇಳಿಸಿಕೊಂಡಾರು ಎಂಬಂತೆ ಬಾಗಿಲ ಕಡೆ ಒಮ್ಮೆ ನೋಡಿ, ಕುರ್ಚಿಯನ್ನು ಆಕೆಯ ಹತ್ತಿರಕ್ಕೆ ಎಳೆದುಕೊಂಡ.

"ಅತ್ತೆ, ಈ ಹಿಂದಿನ ಚಕ್ರ ಒಂದು ಚೂರು ಬಲಕ್ಕೆ ಹೋಗಿದೆ ನೋಡಿ. ಒಂದೇ ಒಂದು ಜಾಗ ಎಡಕ್ಕೆ ಸರಿಸಿದ್ರೆ, ಅವರಿಗೆ ಗೊತ್ತಾಗುತ್ತಾ?"